ತಟ್ಟಿಕೊಂಡರೆ ಗಾಬರಿ ಇಳಿಯುತ್ತದೆಯೇ?

ಪ್ರಶ್ನೆ: ಡಾಕ್ಟರೇ, ನನಗೆ 34 ವರ್ಷ. ಸಹಕಾರಿ ಬ್ಯಾಂಕಿನಲ್ಲಿ ಕೆಲಸ, ದಿನಾ ಬಸ್ಸಿನಲ್ಲಿ ಓಡಾಟ. ನಾಲ್ಕು ತಿಂಗಳಿಂದ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳುತ್ತದೆ. ಉಸಿರು ಸಾಲುವುದಿಲ್ಲ, ಬೆರಳ ತುದಿ ಜುಮ್ಮೆನ್ನುತ್ತದೆ, ಈಗಲೇ ಸತ್ತೆ ಅನ್ನಿಸಿಬಿಡುತ್ತದೆ. ಎರಡು ಸಲ ಮಧ್ಯದಲ್ಲೇ ಬಸ್ಸಿಳಿದು ಆಸ್ಪತ್ರೆಗೆ ಹೋದೆ. ಇಸಿಜಿ, ಥೈರಾಯ್ಡ್, ರಕ್ತ ಎಲ್ಲ ನಾರ್ಮಲ್. ಮನೋವೈದ್ಯರು ಪ್ಯಾನಿಕ್ ಅಟ್ಯಾಕ್ ಎಂದು ಮಾತ್ರೆ ಕೊಟ್ಟು ಮೂರು ವಾರವಾಯಿತು. ಈಗ ನಾದಿನಿ ಒಂದು ವಿಡಿಯೊ ಕಳಿಸಿದ್ದಾಳೆ. ಮುಖ, ಎದೆಯ ಮೇಲೆ ಬೆರಳಿನಿಂದ ತಟ್ಟಿಕೊಂಡರೆ ಸಾಕಂತೆ, ಮಾತ್ರೆಯೇ ಬೇಡವಂತೆ. ಮಾಡಬಹುದೇ?
– ಹೆಸರು ಬೇಡ, ಹಾಸನ

ಉತ್ತರ: ಧಾರಾಳವಾಗಿ ತಟ್ಟಿಕೊಳ್ಳಿ. ಮಾತ್ರೆಯನ್ನು ಮಾತ್ರ ಬಿಡಬೇಡಿ. ಈ ಕಾಯಿಲೆಗೆ ಸಾಮಾನ್ಯವಾಗಿ ಬರೆಯುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳ ಗುಣ ಕಾಣಲು ನಾಲ್ಕರಿಂದ ಆರು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಮೊದಮೊದಲು ಚಡಪಡಿಕೆ ತುಸು ಹೆಚ್ಚುವುದೂ ಉಂಟು. ಜನ ಕೈಬಿಡುವುದು ಸರಿಯಾಗಿ ಈ ಹೊತ್ತಿನಲ್ಲೇ. ನಿಲ್ಲಿಸುವುದಿದ್ದರೆ ಬರೆದುಕೊಟ್ಟವರನ್ನೇ ಕೇಳಿ, ನಾದಿನಿಯನ್ನಲ್ಲ.

ನೀವು ನೋಡಿದ್ದು ಇ.ಎಫ್.ಟಿ. ಎನ್ನುವ ವಿಧಾನ ಇರಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ರೋಜರ್ ಕ್ಯಾಲಹನ್ 1980ರ ದಶಕದಲ್ಲಿ ರೂಪಿಸಿದ್ದನ್ನು ಗ್ಯಾರಿ ಕ್ರೇಗ್ ಎಂಬ ಎಂಜಿನಿಯರ್ 1990ರ ದಶಕದಲ್ಲಿ ಸರಳ ಮಾಡಿದರು. ಗಾಬರಿಗೆ 0ಯಿಂದ 10ರೊಳಗೆ ಒಂದು ಅಂಕ ಕೊಟ್ಟುಕೊಳ್ಳಬೇಕು. ಅಂಗೈಯ ಕಿರುಬೆರಳಿನ ಕಡೆಯ ಅಂಚನ್ನು ಇನ್ನೊಂದು ಕೈಯ ಬೆರಳುಗಳಿಂದ ತಟ್ಟುತ್ತ, ಆಗುತ್ತಿರುವುದನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಆಮೇಲೆ ಹುಬ್ಬಿನ ಒಳತುದಿ, ಕಣ್ಣಿನ ಪಕ್ಕ, ಕಣ್ಣಿನ ಕೆಳಗೆ, ಮೂಗು ತುಟಿಯ ನಡುವೆ, ಗದ್ದ, ಕೊರಳ ಬುಡದ ಮೂಳೆಯ ಕೆಳಗೆ, ಕಂಕುಳಿಗಿಂತ ನಾಲ್ಕು ಬೆರಳು ಕೆಳಗೆ, ನೆತ್ತಿ – ಒಂದೊಂದು ಕಡೆ ಏಳೆಂಟು ಸಲ ಮೆಲ್ಲಗೆ ತಟ್ಟಿ ಮತ್ತೆ ಅಂಕ ಕೊಡುವುದು. ಅಷ್ಟೇ. ಅಂಗೈ ಅಂಚನ್ನು ಬಸ್ಸಿನಲ್ಲಿ ವ್ಯಾನಿಟಿ ಬ್ಯಾಗಿನ ಮರೆಯಲ್ಲೂ ತಟ್ಟಬಹುದು, ಪಕ್ಕದ ಸೀಟಿನವರಿಗೂ ಗೊತ್ತಾಗದು. ಹೇಳಿಕೊಳ್ಳುವ ಮಾತಿಗೆ ವಿಡಿಯೊದ ಉದ್ದುದ್ದ ವಾಕ್ಯ ಬೇಡ. “ಇದು ಗಾಬರಿ, ಹಾರ್ಟ್ ಅಟ್ಯಾಕ್ ಅಲ್ಲ, ಇಳಿಯುತ್ತೆ” ಎಂದರೆ ಸಾಕು.

ಆ ಜಾಗಗಳಲ್ಲಿ ದೇಹದ ಶಕ್ತಿ ಹರಿಯುತ್ತದೆ, ತಟ್ಟಿದರೆ ಅಡೆತಡೆ ಬಿಡುತ್ತದೆ ಎಂಬ ವಿವರಣೆಗೆ ಪುರಾವೆಯಿಲ್ಲ. 2003ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ ಕೆಲವು ವಿದ್ಯಾರ್ಥಿಗಳು ಹೇಳಿದ ಜಾಗದಲ್ಲಿ ತಟ್ಟಿಕೊಂಡರು, ಕೆಲವರು ತೋಳಿನ ಮೇಲೆ, ಇನ್ನು ಕೆಲವರು ಒಂದು ಬೊಂಬೆಯ ಮೇಲೆ! ಮೂರೂ ಗುಂಪಿನಲ್ಲಿ ಭಯ ಹೆಚ್ಚುಕಮ್ಮಿ ಒಂದೇ ಸಮ ಇಳಿಯಿತು. ತಟ್ಟದೇ ಇದ್ದ ಗುಂಪಿನಲ್ಲಿ ಹಾಗೆ ಇಳಿಯಲಿಲ್ಲ. ಹಾಗಾಗಿ ಜಾಗ ಒಂದು ಬೆರಳು ಆಚೀಚೆಯಾಯಿತೆಂದು ತಲೆ ಕೆಡಿಸಿಕೊಳ್ಳಬೇಡಿ, ‘ಅಡ್ವಾನ್ಸ್ಡ್ ಕೋರ್ಸ್’ ಎಂದು ದುಡ್ಡು ಕಟ್ಟಲೂ ಹೋಗಬೇಡಿ.

ಮತ್ತೆ ಉಪಯೋಗವಾಗುವುದು ಯಾವುದರಿಂದ? ಗಾಬರಿಯಾದಾಗ ನಾವು ಗೊತ್ತಿಲ್ಲದೆ ಜೋರಾಗಿ ಉಸಿರಾಡುತ್ತೇವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು ಅದರಿಂದ. ಅದನ್ನು ಕಂಡು ಗಾಬರಿ ಇನ್ನಷ್ಟು ಏರುತ್ತದೆ. ತಟ್ಟುವ ಲಯಕ್ಕೆ ಗಮನ ಹೋದರೆ ಉಸಿರು ನಿಧಾನವಾಗಬಹುದು. ಜೊತೆಗೆ ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಎಳೆದು, ಆರು ಎಣಿಸುತ್ತ ಬಿಡಿ. ಇನ್ನೂ ದೊಡ್ಡ ಲಾಭವೆಂದರೆ, ತಟ್ಟುತ್ತ ಕುಳಿತವರು ಎದ್ದು ಓಡುವುದಿಲ್ಲ. ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ. ಮಧ್ಯದಲ್ಲಿ ಬಸ್ಸಿಳಿದರೆ ‘ಇಳಿದಿದ್ದಕ್ಕೇ ಬದುಕಿದೆ’ ಎಂದು ಮಿದುಳು ಕಲಿಯುತ್ತದೆ. ಕೂತೇ ಇದ್ದರೆ ‘ಬಸ್ಸಿನಲ್ಲಿ ಏನೂ ಆಗಲಿಲ್ಲ’ ಎಂದು ಕಲಿಯುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ನನ್ನ ಬಳಿ ಬರುವ ಕೆಲವರ ಬ್ಯಾಗಿನಲ್ಲಿ ನೀರಿನ ಬಾಟಲಿ, ಪೆಪ್ಪರ್‌ಮೆಂಟು, ಅರ್ಧ ಮುರಿದ ಮಾತ್ರೆ ಇರುತ್ತದೆ. ಕೂರುವುದು ಬಾಗಿಲ ಪಕ್ಕದ ಸೀಟಿನಲ್ಲೇ. ತಟ್ಟುವುದೂ ಹಾಗೆ ತಾಯಿತವಾಗಬಾರದು. ಶುರುವಿನಲ್ಲಿ ಆಸರೆಯಾಗಿರಲಿ. ಕೆಲವು ವಾರಗಳಾದ ಮೇಲೆ ಬೇಕೆಂದೇ ತಟ್ಟದೆ ಕೂತು ನೋಡಿ. ಇದನ್ನು ಹಂತಹಂತವಾಗಿ ಕಲಿಸುವುದೇ ಸಿ.ಬಿ.ಟಿ. ಎಂಬ ಮಾತಿನ ಚಿಕಿತ್ಸೆ, ಪ್ಯಾನಿಕ್‌ಗೆ ಅದರ ಆಧಾರ ಗಟ್ಟಿ. ಎಲ್ಲಿ ಸಿಗುತ್ತದೆಂದು ನಿಮ್ಮ ಮನೋವೈದ್ಯರನ್ನು ಕೇಳಿ. ಹೊತ್ತಲ್ಲದ ಹೊತ್ತಿನಲ್ಲಿ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಂದಹಾಗೆ, ನಿಮ್ಮದು ಕಾಫಿಯ ಸೀಮೆ. ದಿನಕ್ಕೆ ಎಷ್ಟು ಲೋಟ ಎಂದು ಬರೆದಿಲ್ಲ. ಕೆಫೀನ್ ಕೆಲವರಲ್ಲಿ ಅಟ್ಯಾಕನ್ನೇ ಎಬ್ಬಿಸುತ್ತದೆ, ಸ್ವಲ್ಪ ದಿನ ಕಡಿಮೆ ಮಾಡಿ ನೋಡಿ.

ಪ್ರಶ್ನೆ: ವಯಸ್ಸು 58, ಶುಗರ್ ಇದೆ. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತದೆ, ಕೂತರೆ ಹೋಗುತ್ತದೆ. ಟೆನ್ಶನ್ ಇರಬೇಕು, ಎದೆ ತಟ್ಟಿಕೊಳ್ಳಿ ಎಂದು ಮಗಳು ಹೇಳಿಕೊಟ್ಟಿದ್ದಾಳೆ. ಸರಿಯೇ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಸರಿಯಲ್ಲ ಯಜಮಾನರೇ. ಶ್ರಮಪಟ್ಟಾಗ ಬಂದು ಕೂತಾಗ ಹೋಗುವ ಎದೆಬಿಗಿತವನ್ನು, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹೃದಯದ್ದಲ್ಲ ಎಂದು ಖಚಿತವಾಗುವವರೆಗೆ ಹೃದಯದ್ದೇ ಎಂದು ತಿಳಿಯಬೇಕು. ಕೂತಿರುವಾಗ ತೆಗೆದ ಇಸಿಜಿ ನಾರ್ಮಲ್ ಇದ್ದರೂ ಅಷ್ಟಕ್ಕೇ ಬಿಡುವಂತಿಲ್ಲ, ಮುಂದಿನ ಪರೀಕ್ಷೆ ಏನೆಂದು ಹೃದ್ರೋಗ ತಜ್ಞರು ಹೇಳುತ್ತಾರೆ. ಕೂತಾಗಲೂ ನೋವು ಹೋಗದಿದ್ದರೆ, ಬೆವರು, ದವಡೆ ಅಥವಾ ತೋಳಿನ ಸೆಳೆತ ಜೊತೆಗಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿಸಿ. ಇನ್ನೂ ವೈದ್ಯರಿಗೆ ತೋರಿಸಿಲ್ಲವೆಂದರೆ ಇವತ್ತೇ ಹೊರಡಿ, ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ.