ಹಾಲು ಒಗ್ಗದ ಹಸುಗೂಸು



ಶಿಶುವಿಗೆ ತಾಯಿಯ ಹಾಲೇ ಅಮೃತ. ಆದರೆ ಸಹಸ್ರಾರು ಶಿಶುಗಳಲ್ಲಿ ಎಲ್ಲೋ ಒಂದಕ್ಕೆ ಆ ಅಮೃತವೇ ವಿಷವಾಗುವುದುಂಟು. ಈ ವ್ಯಾಧಿಗೆ ಗ್ಯಾಲಕ್ಟೋಸೀಮಿಯಾ ಎಂದು ಹೆಸರು. 1908ರಲ್ಲಿ ವೈದ್ಯರು ಇದನ್ನು ಮೊದಲು ವರ್ಣಿಸಿದರು.

ಕಾರಣವೇನು?
ಹಾಲಿನ ಸಕ್ಕರೆಯು ಕರುಳಿನಲ್ಲಿ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎಂದು ಒಡೆಯುತ್ತದೆ. ಗ್ಯಾಲಕ್ಟೋಸನ್ನು ಮಾರ್ಪಡಿಸುವ ಕಿಣ್ವವು ಈ ಶಿಶುಗಳಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ಅದು ದೇಹದಲ್ಲಿ ಸಂಗ್ರಹವಾಗಿ ಯಕೃತ್ತು, ಮೆದುಳು, ಕಣ್ಣುಗಳಿಗೆ ಹಾನಿ ಮಾಡುತ್ತದೆ.

ಗುರುತಿಸುವುದು ಹೇಗೆ?
ಹುಟ್ಟಿದಾಗ ಕೂಸು ಆರೋಗ್ಯವಾಗಿಯೇ ಇರುತ್ತದೆ. ಹಾಲು ಕುಡಿಯತೊಡಗಿದ ಕೆಲವೇ ದಿನಗಳಲ್ಲಿ ವಾಂತಿ, ಭೇದಿ, ಹಾಲು ಒಲ್ಲದಿರುವುದು, ಮಂಕು, ಇಳಿಯದ ಕಾಮಾಲೆ ಕಾಣುತ್ತವೆ. ತೂಕ ಏರದು. ಕಣ್ಣಿಗೆ ಪೊರೆ ಬರಬಹುದು. ರಕ್ತಕ್ಕೆ ನಂಜೇರಿ ಪ್ರಾಣಾಪಾಯವೂ ಒದಗಬಹುದು.

ಇಂಥ ಕೂಸನ್ನು ಕಂಡು ದೃಷ್ಟಿಯೆಂದೋ ಗಾಳಿ ಸೋಕಿತೆಂದೋ ಭಾವಿಸುವವರುಂಟು. ತುಂಗಭದ್ರೆಯ ದಂಡೆಯ ಉಕ್ಕಡಗಾತ್ರಿಯಲ್ಲಿ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಹರಕೆ ಹೊರುವುದು ತಮ್ಮ ಶ್ರದ್ಧೆಗೆ ಬಿಟ್ಟದ್ದು. ಆದರೆ ಹರಕೆ ಅಮಾವಾಸ್ಯೆಯವರೆಗೆ ಕಾದೀತು, ಕೂಸಿನ ಯಕೃತ್ತು ಕಾಯದು. ಮೊದಲು ಹರಿಹರದ ತಾಲ್ಲೂಕು ಆಸ್ಪತ್ರೆಗೋ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಕರೆದೊಯ್ಯಿರಿ.

ಪರೀಕ್ಷೆ
ಹಾಲು ಕುಡಿಯುತ್ತಿರುವ ಶಿಶುವಿನ ಮೂತ್ರವನ್ನು ಬೆನೆಡಿಕ್ಟ್ ದ್ರಾವಣದೊಡನೆ ಕಾಯಿಸಿದಾಗ ಬಣ್ಣ ಬದಲಾಗಿ, ಗ್ಲೂಕೋಸ್ ಪಟ್ಟಿಯಲ್ಲಿ ಮಾತ್ರ ಏನೂ ಕಾಣದಿದ್ದರೆ ಈ ವ್ಯಾಧಿಯ ಸಂಶಯ ಬರುತ್ತದೆ. ರಕ್ತದಲ್ಲಿನ ಕಿಣ್ವವನ್ನು ಅಳೆದು ಅದನ್ನು ಖಚಿತಪಡಿಸುತ್ತಾರೆ. ಕೂಸಿಗೆ ಬೇರೆಯವರ ರಕ್ತ ಕೊಡುವ ಮೊದಲೇ ಈ ಮಾದರಿಯನ್ನು ತೆಗೆಯಬೇಕು.

ಚಿಕಿತ್ಸೆ
ಸಂಶಯ ಬಂದೊಡನೆಯೇ, ವರದಿಗೆ ಕಾಯದೆ, ವೈದ್ಯರು ತಾಯಿಯ ಹಾಲು, ಹಸು, ಎಮ್ಮೆ, ಮೇಕೆಗಳ ಹಾಲನ್ನು ನಿಲ್ಲಿಸಿ ಸೋಯಾ ಆಹಾರ ಕೊಡಿಸುತ್ತಾರೆ. ಹಾಲು ನಿಂತ ಕೆಲವೇ ದಿನಗಳಲ್ಲಿ ಕೂಸು ಚೇತರಿಸಿಕೊಳ್ಳತೊಡಗುತ್ತದೆ. ಪಥ್ಯ ಮಾತ್ರ ಜೀವನಪರ್ಯಂತ. ಮಾತು, ಕಲಿಕೆಗಳಲ್ಲಿ ತೊಡಕು ಉಳಿಯಬಹುದಾದ್ದರಿಂದ ತಪಾಸಣೆ ತಪ್ಪಿಸಬಾರದು.

ಎಚ್ಚರಿಕೆ: ತಾವಾಗಿಯೇ ಎದೆಹಾಲು ಬಿಡಿಸಬೇಡಿರಿ. ಸಾಮಾನ್ಯ ಭೇದಿ, ಕಾಮಾಲೆಗಳಲ್ಲಿ ತಾಯಿಯ ಹಾಲು ಮುಂದುವರಿಯಲೇಬೇಕು.

ಮುಂದಿನ ಮಗು
ಇದು ತಾಯಿಯೊಬ್ಬಳ ದೋಷವಲ್ಲ. ತಂದೆತಾಯಿಗಳಿಬ್ಬರೂ ಆರೋಗ್ಯವಾಗಿದ್ದು, ದೋಷದ ಒಂದೊಂದು ಅಂಶವನ್ನು ಹೊತ್ತಿರುತ್ತಾರೆ. ಅಂಥವರ ಪ್ರತಿ ಬಸುರಿನಲ್ಲೂ 4ರಲ್ಲಿ 1 ಪಾಲು ಸಾಧ್ಯತೆಯುಂಟು. ಸೋದರಮಾವ, ಅತ್ತೆಯ ಮಗ ಮುಂತಾದ ರಕ್ತಸಂಬಂಧದ ಮದುವೆಗಳಲ್ಲಿ ಈ ಅಪಾಯ ಹೆಚ್ಚು. ಹಿಂದೆ ಕೂಸೊಂದು ಕಾಮಾಲೆ, ವಾಂತಿಯಿಂದ ತೀರಿಕೊಂಡಿದ್ದರೆ ಮುಂದಿನ ಹೆರಿಗೆಗೆ ಮುನ್ನವೇ ವೈದ್ಯರಿಗೆ ಆ ಸಂಗತಿ ತಿಳಿಸಿರಿ. ಆ ಒಂದು ಮಾತು ಬರಲಿರುವ ಕೂಸನ್ನು ಉಳಿಸಬಲ್ಲದು.