ರಾಮನಗರ ಗೂಡು ಮಾರುಕಟ್ಟೆಯಿಂದ ಸ್ಟಾರ್ಟ್‌ಅಪ್‌ವರೆಗೆ: ಪರೀಕ್ಷಾ ಟಿಪ್ಪಣಿ

1. ರಾಮನಗರ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ: ಏಷ್ಯಾದಲ್ಲೇ ದೊಡ್ಡದು. ಕನಕಪುರ, ಮಾಗಡಿ, ಚನ್ನಪಟ್ಟಣದ ಬೆಳೆಗಾರರಿಗೂ ಇದು ಆಸರೆ.

2. ಇ-ಹರಾಜು: ರೈತ ತಂದ ಗೂಡಿಗೆ ಲಾಟ್ ಸಂಖ್ಯೆ ಕೊಡಲಾಗುತ್ತದೆ. ರೀಲರ್‌ಗಳು (ಗೂಡಿನಿಂದ ನೂಲು ಬಿಚ್ಚುವವರು) ಗೂಡನ್ನು ಕೈಯಲ್ಲಿ ಹಿಡಿದು ನೋಡಿ, ಮೊಬೈಲ್‌ನಲ್ಲಿ ಬೆಲೆ ನಮೂದಿಸುತ್ತಾರೆ. ಬೆಲೆ ಒಪ್ಪದಿದ್ದರೆ ರೈತ ನಿರಾಕರಿಸಬಹುದು.
ಗೊಂದಲ ಬೇಡ: ಇ-ನಾಮ್ (14 ಏಪ್ರಿಲ್ 2016) ಎಪಿಎಂಸಿಗಳ ರಾಷ್ಟ್ರೀಯ ವೇದಿಕೆ, ಗೂಡು ಮಾರುಕಟ್ಟೆ ರಾಜ್ಯ ರೇಷ್ಮೆ ಇಲಾಖೆಯದು. ಕೇಂದ್ರ ರೇಷ್ಮೆ ಮಂಡಳಿ (ಬೆಂಗಳೂರು) ಕೇಂದ್ರ ಜವಳಿ ಸಚಿವಾಲಯದಡಿ.

3. ರೇಷಾಮಂಡಿ: 2020ರ ಸ್ಟಾರ್ಟ್‌ಅಪ್, ಬೆಂಗಳೂರು ಮೂಲ, ರೈತ, ರೀಲರ್, ನೇಕಾರರನ್ನು ಬೆಸೆಯುವ ಮಾದರಿ. ಮುಂದೆ ಹಣಕಾಸು ಬಿಕ್ಕಟ್ಟಿಗೆ ಸಿಲುಕಿತು.

4. ಸ್ಟಾರ್ಟ್‌ಅಪ್ ಇಂಡಿಯಾ (ಕೇಂದ್ರದ ಯೋಜನೆ): 16 ಜನವರಿ 2016. ಕರ್ನಾಟಕದ ಸ್ಟಾರ್ಟ್‌ಅಪ್ ನೀತಿ ಅದಕ್ಕೂ ಮೊದಲು, 2015ರಲ್ಲಿ. ಹೆಚ್ಚು ಜನ ತಪ್ಪುವುದು ಇಲ್ಲೇ.

5. ಯೂನಿಕಾರ್ನ್: 100 ಕೋಟಿ ಡಾಲರ್ ಅಥವಾ ಹೆಚ್ಚು ಮೌಲ್ಯದ ಖಾಸಗಿ ಸ್ಟಾರ್ಟ್‌ಅಪ್. ಇದು ಮೌಲ್ಯ, ವಹಿವಾಟಲ್ಲ.

6. ಆಫ್ರಿಕಾದ ಉದಾಹರಣೆ: ಎಂ-ಪೆಸಾ, ಮೊಬೈಲ್ ಮೂಲಕ ಹಣ ಕಳಿಸುವ ಸೇವೆ; ಕೀನ್ಯಾದಲ್ಲಿ ಸಫಾರಿಕಾಮ್ ಕಂಪನಿ 2007ರಲ್ಲಿ ಆರಂಭಿಸಿತು.

7. ಚನ್ನಪಟ್ಟಣದ ಬೊಂಬೆ: ಹಾಲೆ ಮರ, ಅರಗಿನ ಬಣ್ಣ, ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ.

8. ರಾಮನಗರ ಜಿಲ್ಲೆ ರಚನೆ 2007. ಬೆಂಗಳೂರು ದಕ್ಷಿಣ ಎಂದು ಮರುನಾಮಕರಣ ಮೇ 2025. ಜಿಲ್ಲಾಕೇಂದ್ರ ರಾಮನಗರವೇ.