ಎರಡರ್ಥದ ಮಾತು ಮತ್ತು ಸತ್ಯಾಣುವ್ರತ

ಬಾಯಿ ಸುಳ್ಳಾಡದಿದ್ದ ಮಾತ್ರಕ್ಕೆ ಸತ್ಯಾಣುವ್ರತವು ಉಳಿಯುವುದಿಲ್ಲ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಈ ವ್ರತಕ್ಕೆ 5 ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ನ್ಯಾಸಾಪಹಾರವೂ ಒಂದು. 5 ಪವನು ಚಿನ್ನವನ್ನು ನಂಬಿ ಇಟ್ಟವನು ಮರೆತು ಮೂರನ್ನೇ ಕೇಳಿದನೆನ್ನೋಣ. “ನೀವು ಹೇಳಿದಷ್ಟನ್ನು ಕೊಂಡುಹೋಗಿ” ಎಂಬ ಉತ್ತರದ ಪದಗಳಲ್ಲಿ ಸುಳ್ಳಿಲ್ಲ. ಆದರೆ ಪರರ 2 ಪವನು ಪೆಟ್ಟಿಗೆಯಲ್ಲೇ ಉಳಿಯಿತು.

ವಸುರಾಜನ ಪತನಕ್ಕೂ ಎರಡರ್ಥದ ಒಂದು ಶಬ್ದವೇ ನಿಮಿತ್ತವೆಂದು ನಮ್ಮ ಪುರಾಣಗಳು ಹೇಳುತ್ತವೆ. ‘ಅಜ’ವೆಂದರೆ ಮೊಳೆಯದ ಹಳೆಯ ಧಾನ್ಯವೆಂದು ನಾರದ, ಆಡೆಂದು ಪರ್ವತ. ಗುರುಗಳು ಹೇಳಿದ ಅರ್ಥವನ್ನು ಬಲ್ಲ ವಸುವು ಗುರುಪತ್ನಿಗಿತ್ತ ಮಾತಿಗೆ ಕಟ್ಟುಬಿದ್ದು ಪರ್ವತನ ಪಕ್ಷ ಹಿಡಿದು ಅಧೋಗತಿಗಿಳಿದನು. ಅರ್ಥವನ್ನು ತಿರುಚಿದುದರಿಂದ ಜೀವವಧೆಗೆ ದಾರಿಯಾಯಿತು.

ಹಾಗಾದರೆ ಸೂಚ್ಯವಾದ ಮಾತೆಲ್ಲವೂ ದೋಷವೆ? ಅಲ್ಲ. ಹೆಬ್ರಿ, ವರಂಗಗಳ ಮನೆಗಳಲ್ಲಿ ಹೊರಡುವವರು “ಹೋಗುತ್ತೇನೆ” ಎನ್ನದೆ “ಹೋಗಿ ಬರುತ್ತೇನೆ” ಎನ್ನುವರು. ಇದರಿಂದ ಯಾರೂ ಮೋಸಹೋಗರು. ಆದರೆ ಉಪವಾಸದ ದಿನ “ಊಟವಾಯಿತೆ?” ಎಂದವರಿಗೆ, ನಿನ್ನೆಯ ಊಟವನ್ನು ಮನಸ್ಸಿನಲ್ಲಿಟ್ಟು “ಆಯಿತು” ಎಂದರೆ ಕೇಳಿದವರು ತಪ್ಪು ತಿಳಿಯುವರು. “ಇಂದು ಉಪವಾಸ” ಎಂದರೆ ಸಾಲದೆ?

ಕೇಳುವವನು ಏನೆಂದು ತಿಳಿಯಲೆಂದು ನಾವು ನುಡಿದೆವು? ಆಡುವ ಮುನ್ನ ಇದೊಂದನ್ನು ಕೇಳಿಕೊಂಡರೆ ವ್ರತವು ನಿರ್ಮಲವಾಗಿರುವುದು.